ಪೆನ್ಸಿಲ್ಲಿನಲ್ಲಿ ಬರೆದ ಡ್ಯೂಟಿ ಪಟ್ಟಿ

ಬೀಳ್ಕೊಡುಗೆಯ ದಿನ ಮಾತಾಡಿದ ಏಳು ಜನರಲ್ಲಿ ಆರು ಜನ ಅವರನ್ನು ‘ಮಮತೆಯ ಮೂರ್ತಿ’ ಎಂದರು. ಏಳನೆಯವಳು ನಾನು. ನಾನು ಹಾಗೆ ಅನ್ನಲಿಲ್ಲ. ಆದರೆ ಬೇರೇನನ್ನೂ ನೆಟ್ಟಗೆ ಹೇಳಲಾರದೆ ಹಾರ ಹಾಕಿ ಕೆಳಗಿಳಿದುಬಿಟ್ಟೆ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಷೀಲ್ಡುಗಳನ್ನು ಹೊತ್ತು ತಂದವಳಿಗೆ ಇದು ಸಣ್ಣ ಅವಮಾನವಲ್ಲ. ಅಂದು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲಿಗೆ ಆ ಆರು ಜನರಿಗೆ ನನ್ನ ಆಕ್ಷೇಪಣೆ. ಮಮತೆ ಎಂದಾಗ ಅವರ ಮನಸ್ಸಿನಲ್ಲಿದ್ದದ್ದು, ತಪ್ಪನ್ನು ಕಂಡೂ ಕಾಣದಂತೆ ಇದ್ದುಬಿಡುವ ಗುಣ. ನಾವೆಲ್ಲ ದೊಡ್ಡ ಸಿಸ್ಟರು ಎನ್ನುತ್ತಿದ್ದ ಅವರು ಯಾರ ಯಾವ ತಪ್ಪನ್ನೂ ಕಾಣದೆ ಬಿಟ್ಟವರಲ್ಲ. ಕಾಣುತ್ತಿದ್ದರು, ನೆನಪಿಟ್ಟುಕೊಳ್ಳುತ್ತಿದ್ದರು, ಮರುದಿನದ ಕೆಲಸವನ್ನು ಅದರ ಅಳತೆಗೆ ಹೊಲಿಯುತ್ತಿದ್ದರು. ಇದಕ್ಕೆ ಮಮತೆಗಿಂತ ಗಡುಸಾದ ಒಂದು ಹೆಸರು ಬೇಕು. ನನಗೆ ಇನ್ನೂ ಸಿಕ್ಕಿಲ್ಲ.

ಅವರ ಹೆಸರನ್ನು ಬರೆಯುವುದಿಲ್ಲ, ಊರಿನದನ್ನೂ. ಪಾಂಡವಪುರದಿಂದ ಕೆ.ಆರ್.ಪೇಟೆಯ ಕಡೆಗೆ ಹೋಗುವ ಬಸ್ಸು ಮೂವತ್ತು ಹಾಸಿಗೆಯ ಒಂದು ಆಸ್ಪತ್ರೆಯ ಮುಂದೆ ನಿಲ್ಲುತ್ತದೆ ಎಂದುಕೊಂಡರೆ ಸಾಕು. ಅಲ್ಲಿ ಶುಶ್ರೂಷಕಿಯರಿಗೆಲ್ಲ ಹಿರಿಯರು ಅವರು. ಆಯಾಗಳು, ವಾರ್ಡಿನವರು, ಡ್ರೆಸ್ಸಿಂಗ್ ಕೋಣೆಯವರು ಎಲ್ಲರೂ ಅವರ ಕೈಕೆಳಗೆ. ಪಾಂಡವಪುರದ ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿ, ನಾಗಮಂಗಲದಲ್ಲಿ ಕೆಲಸಕ್ಕೆ ಸೇರಿ, ಮೂವತ್ತು ವರ್ಷಕ್ಕೂ ಮೇಲೆ ಬಿಳಿ ಸೀರೆ ಉಟ್ಟವರು. ತುರುಬಿನಲ್ಲಿ ಹೂವಿನ ಬದಲು ಒಂದು ಪೆನ್ಸಿಲು ಸಿಕ್ಕಿಸಿರುತ್ತಿದ್ದರು. ಡ್ರೆಸ್ಸಿಂಗ್ ಕೋಣೆಯ ಪಕ್ಕದ ಮೊಳೆಯಲ್ಲಿ ಹಳೇ ಕ್ಯಾಲೆಂಡರಿನ ಒಂದು ಹಾಳೆ ಬೆನ್ನು ತಿರುಗಿಸಿಕೊಂಡು ನೇತಾಡುತ್ತಿತ್ತು. ಅದೇ ಡ್ಯೂಟಿ ಪಟ್ಟಿ. ದಿನಕ್ಕೆ ಎರಡು ಸಲವಾದರೂ ಪೆನ್ಸಿಲು ತುರುಬಿನಿಂದ ಇಳಿದು ಅಲ್ಲಿ ಏನನ್ನೋ ಅಳಿಸಿ ಏನನ್ನೋ ಬರೆದು ಮತ್ತೆ ತುರುಬಿಗೆ ಹತ್ತುತ್ತಿತ್ತು.

‘ಪೆನ್ನಲ್ಲಿ ಬರೆಯೋದು ಆಫೀಸ್ಗೆ, ಪೆನ್ಸಿಲಲ್ಲಿ ಬರೆಯೋದು ಮನುಷ್ರಿಗೆ’ ಎನ್ನುತ್ತಿದ್ದರು.

ನಾನು ವೈದ್ಯೆಯಾಗಿ ಕೆಲಸಕ್ಕೆ ಸೇರಿದ ನಾಲ್ಕನೆಯ ದಿನವೇ ಈ ಪಟ್ಟಿಯ ಮೇಲೆ ಜಗಳ ತೆಗೆದೆ. ಓಡಾಟದ ಕೆಲಸವೆಲ್ಲ ಎಳೆಯರಿಗೆ, ಕೂತು ಮಾಡುವುದೆಲ್ಲ ಹಳಬರಿಗೆ. ಒಂದೇ ಹುದ್ದೆ, ಒಂದೇ ಸಂಬಳ, ಕೆಲಸ ಮಾತ್ರ ಎರಡು ಬಗೆ. ಇದು ಯಾವ ನ್ಯಾಯ? ಅವರು ಹಾಳೆಯ ಕಡೆಗೆ ಮುಖ ಮಾಡಿ ನಿಂತಿದ್ದರು. ನಾನು ಹಿಂದಿನಿಂದ ನನ್ನ ಮೂರು ಅಂಶಗಳನ್ನು ಮಂಡಿಸಿ ಮುಗಿಸಿದೆ. ಅವರು ತಿರುಗಲೂ ಇಲ್ಲ. ಬಳಸಿಕೊಂಡು ಮುಂದೆ ಹೋಗಿ ನಿಂತೆ.

‘ಎದ್ರಿಗೆ ಬಂದು ಮಾತಾಡಿ ಡಾಕ್ಟ್ರೇ. ಬೆನ್ನಿಗೆ ಮಾತಾಡುದ್ರೆ ನಂಗಾಗಾಕಿಲ್ಲ’ ಎಂದರು.

ಇದು ದೊಡ್ಡಸ್ತಿಕೆ ಎಂದು ನಾನು ತೀರ್ಮಾನಿಸಿದೆ. ಇನ್ನೊಂದು ಅರ್ಥ ಇರಬಹುದೆಂದು ಹೊಳೆಯಲು ನನಗೆ ಒಂಬತ್ತು ತಿಂಗಳು ಬೇಕಾಯಿತು.

ಆ ಒಂಬತ್ತನೆಯ ತಿಂಗಳಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಐವತ್ತು ದಾಟಿದ ಸಿಬ್ಬಂದಿಯನ್ನೆಲ್ಲ ಒಬ್ಬ ವೈದ್ಯರು ಪರೀಕ್ಷಿಸಿ, ಒಬ್ಬೊಬ್ಬರಿಗೂ ಒಂದೊಂದು ನಮೂನೆ ತುಂಬಿ ಕಳಿಸಬೇಕು. ನಮೂನೆಯ ಕೊನೆಯಲ್ಲಿ ಎರಡೇ ಪದ: ‘ಅರ್ಹ’, ‘ಅನರ್ಹ’. ಬೇಡವಾದದ್ದನ್ನು ಹೊಡೆದುಹಾಕಬೇಕು. ಅನರ್ಹ ಎಂದಾದವರ ಕಾಗದ ವೈದ್ಯಕೀಯ ಮಂಡಳಿಗೆ ಹೋಗುತ್ತದೆ, ಅಲ್ಲಿಂದ ಅವರು ಮನೆಗೆ. ಐವತ್ತೆಂಟಕ್ಕೆ ನಿವೃತ್ತಿಯಾಗುವವರನ್ನು ಕೆಲವು ವರ್ಷ ಮೊದಲೇ, ಕೈಲಾಗದವರು ಎಂಬ ಷರಾ ಬರೆದು ಕಳಿಸುವ ಏರ್ಪಾಟು. ನಮ್ಮಲ್ಲಿ ಅಂಥವರು ಐದು ಜನ. ಆಡಳಿತ ನೋಡುತ್ತಿದ್ದ ಹಿರಿಯ ವೈದ್ಯರು ಕಡತವನ್ನು ನನ್ನ ಕಡೆ ತಳ್ಳಿದರು.

‘ನೀವು ಹೊಸಬರು. ನಿಮಗೆ ಯಾರ ಮುಲಾಜೂ ಇಲ್ಲ’ ಎಂದರು. ನಿಜ, ಇರಲಿಲ್ಲ.

ಸುಳ್ಳು ಸರ್ಟಿಫಿಕೇಟು ಬರೆಯುವುದಿಲ್ಲ ಎಂದು ದೊಡ್ಡ ಸಿಸ್ಟರಿಗೆ ಮೊದಲೇ ಹೇಳಿದೆ. ಅವರು ಗೋಗರೆಯುತ್ತಾರೆ ಎಂದುಕೊಂಡಿದ್ದೆ.

‘ಬರೀಬ್ಯಾಡಿ. ಸುಳ್ಳು ಬರುದ್ರೆ ನಾನೇ ಅರ್ದಾಕ್ತೀನಿ’ ಎಂದರು. ‘ಆದ್ರೆ ಸ್ಟೆತಸ್ಕೋಪ್ ಇಟ್ಟು ಐದು ನಿಮಿಷಕ್ಕೆ ಬರೀಬ್ಯಾಡಿ. ಅವ್ರು ಕೆಲ್ಸ ಮಾಡೋದ ನೋಡಿ ಬರೀರಿ.’

‘ಹಾಗಾದರೆ ಒಂದು ವಾರ ಪಟ್ಟಿ ನನ್ನದು. ಎಲ್ಲರಿಗೂ ಸಮಾನ ಸರದಿ. ಯಾರು ನಿಲ್ಲುತ್ತಾರೆ, ಯಾರು ಬೀಳುತ್ತಾರೆ, ತಾನಾಗೇ ಗೊತ್ತಾಗುತ್ತದೆ.’

‘ಆಗ್ಲಿ ಮಾಡಿ. ಪೆನ್ಸಿಲಲ್ಲಿ ಮಾತ್ರ ಬರೀರಿ.’

ನಾನು ಪೆನ್ನಿನಲ್ಲಿ ಬರೆದೆ. ಸುಧಾರಣೆಯ ಹುರುಪಿನಲ್ಲಿ ಇನ್ನೂ ಒಂದು ಕೆಲಸ ಮಾಡಿದೆ. ಡ್ರೆಸ್ಸಿಂಗ್ ಕೋಣೆಯ ಬಾಟಲಿಗಳ ಕುತ್ತಿಗೆಗೆ ಯಾರೋ ದಾರ ಸುತ್ತಿ ಗಂಟು ಹಾಕಿದ್ದರು. ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಮೂರು. ಕೊಳೆ ಕೂರುವ ಜಾಗ ಎಂದು ಅವನ್ನೆಲ್ಲ ಕತ್ತರಿಸಿ ಬಿಸಾಡಿಸಿದೆ.

ಮೂರನೆಯ ದಿನ ಬೆಳಿಗ್ಗೆ ಆ ಕೋಣೆಯ ಮುಂದೆ ಹಾದು ಹೋಗುವಾಗ ಒಳಗೆ ಪಾಠ ನಡೆಯುವಂತೆ ಕೇಳಿಸಿತು. ಬೆಂಚಿನ ಮೇಲೆ ಒಬ್ಬ ರೈತ, ಕಬ್ಬು ಕಡಿಯುವ ಮಚ್ಚು ತಾಗಿದ ಪಾದವನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದ. ಡ್ರೆಸ್ಸಿಂಗ್ ಮಾಡುವ ಜವರಪ್ಪ ಕೈಯಲ್ಲಿ ಹತ್ತಿ ಹಿಡಿದು ನಿಂತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ, ಅಂದರೆ ನಾನು ನೋಡಿರಲಿಲ್ಲ. ಅವನ ಪಕ್ಕ ಆಯಾ ಕೆಂಪಮ್ಮ ಗೋಡೆಗೆ ಒರಗಿ, ಒಂದು ಕಂದು ಬಾಟಲಿಯನ್ನು ಬೆಳಕಿಗೆ ಹಿಡಿದಿದ್ದಳು. ಮಂಡಿ ಸವೆದು ಹೋದ ಅವಳಿಗೆ ಕಣ್ಣು ಗಿಡುಗನಷ್ಟು ಚುರುಕು. ಅಕ್ಷರ ಮಾತ್ರ ಒಂದೂ ಬಾರದು. ಅವನಿಗೆ ಬಾಟಲಿಯ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಕಾಣುತ್ತಿರಲಿಲ್ಲ.

‘ಎಲ್ಡು ಗೂಟ ನೆಟ್ಟಂಗದೆ ಜವರಣ್ಣ. ನಡುವ್ಕೆ ಅಡ್ಡ ಒಂದು ಗಳ.’

‘ಎಚ್ಚು. ಆಮ್ಯಾಕೆ?’

‘ಕವೆಗೋಲು.’

‘ಬಾಲ ಕೆಳಕ್ಕೋ ಮೇಲ್ಕೋ?’

‘ಕವೆಗೋಲಿನ ಬಾಲ ಎಲ್ಲಿರ್ತದಣ್ಣ? ಕೆಳಕ್ಕೇ ಕನ.’

‘ವೈಯಿ. ಆಮ್ಯಾಕೆ?’

‘ನೆಟ್ಟಗಿರೋ ಕಡ್ಡಿಗೆ ಬಸ್ರಿ ಹೊಟ್ಟೆ. ತುಂಬು ತಿಂಗ್ಳು.’

‘ಡಿ.’

ಬೆಂಚಿನ ಮೇಲಿದ್ದ ರೈತನಿಗೆ ತಡೆಯಲಾಗಲಿಲ್ಲ. ‘ಬಿರ್‍ನೆ ಓದ್ರಪ್ಪೋ, ನನ್ ಕಾಲು ಒಣಗೋಯ್ತದೆ. ಮುಚ್ಚಳ ತಗ್ದು ಮೂಸ್ಬಾರ್ದಾ?’

‘ಮೂಸಿ ಯೋಳೋದಾದ್ರೆ ನಾಯಿ ಸಾಕಿತ್ತು ಕಣ್ಲಾ, ನಾನ್ಯಾಕೆ?’ ಎಂದ ಜವರಪ್ಪ. ‘ಗುರ್ತು ಸಿಗ್ದೆ ಸುರೀಬಾರ್ದು ಅಂತ ದೊಡ್ ಸಿಸ್ಟ್ರು ಯೋಳವ್ರೆ.’

‘ಸುಮ್ಕಿರ್ಲಾ’ ಎಂದಳು ಕೆಂಪಮ್ಮ ರೈತನಿಗೆ. ‘ಅದರ ಪಕ್ಕದ್ದು ನೆಲ ತೊಳೆಯೋದು. ಅದು ಬಿದ್ರೆ ನಿನ್ ಕಾಲು ಒಣಗಾಕಿಲ್ಲ, ಬೆಂದೋಯ್ತದೆ.’

ನಾನು ಒಳಗೆ ಹೋದೆ. ಇಬ್ಬರೂ ಬೆಚ್ಚಿದರು. ಬಾಟಲಿ ಸರಿಯಾದದ್ದೇ ಆಗಿತ್ತು, ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡು. ಆದರೂ ನೇರವಾಗಿ ದೊಡ್ಡ ಸಿಸ್ಟರ ಎದುರು ಹೋಗಿ ನಿಂತೆ. ಎದುರಿಗೇ.

‘ಕಾಣದವರ ಕೈಗೆ ಔಷಧಿ ಕೊಡಬಾರದು. ಇದರಲ್ಲಿ ವಾದವೇ ಇಲ್ಲ’ ಎಂದೆ.

‘ಇಲ್ಲ’ ಎಂದರು ಅವರು. ‘ಅದ್ಕೇ ದಾರ ಕಟ್ಟಿದ್ದೆ. ಗಾಯಕ್ಕೆ ಒಂದು ಗಂಟು, ನೆಲಕ್ಕೆ ಮೂರು. ಅವ್ನ ಕಣ್ಗೆ ವಯ್ಸಾಗದೆ, ಬೆರಳ್ಗೆ ಆಗಿಲ್ಲ. ದಾರ ಬಿಚ್ಚಾಕಿದ್ದು ಯಾರು?’

ಎದುರಾಳಿಯ ಮಾತಿಗೆ ಉತ್ತರ ಸಿಗದಿದ್ದಾಗ ಬೇರೆ ಅಂಶಕ್ಕೆ ಹಾರಬೇಕು, ಅದು ಸ್ಪರ್ಧೆಯ ಪಾಠ. ಹಾರಿದೆ. ‘ಪೊರೆ ಇದ್ದರೆ ಆಪರೇಷನ್ ಮಾಡಿಸಬೇಕು. ದಾರ ಕಟ್ಟುವುದಲ್ಲ.’

ಅವರು ಕ್ಯಾಲೆಂಡರ್ ಹಾಳೆಗಳ ಕಟ್ಟಿನಿಂದ ಮುಂದಿನ ತಿಂಗಳದ್ದನ್ನು ಎಳೆದರು. ಜವರಪ್ಪನ ಹೆಸರಿನ ಮುಂದೆ ಮೂರು ವಾರ ಖಾಲಿ. ಪಕ್ಕದಲ್ಲಿ ‘ಮೈಸೂರು, ಕಣ್ಣು’ ಎಂದು ಬರೆದಿತ್ತು.

‘ಹೊಲಿಗೆ ಹಾಕೋದ ಅವ್ನ ಕೈಯಿಂದ ಹೋದ ವರ್ಸವೇ ಕಿತ್ಕಂಡೆ’ ಎಂದರು. ‘ಇಪ್ಪತ್ತಾರು ವರ್ಸದಿಂದ ಹಾಕ್ತಿದ್ದೋನು. ಮೂರು ತಿಂಗ್ಳು ನನ್ ಜೊತೆ ಮಾತು ಬುಟ್ಟ. ಬುಟ್ರೆ ಬುಡ್ಲಿ, ಸೂಜಿ ಕೊಡ್ಲಿಲ್ಲ. ಆದ್ರೆ ಪಟ್ಟಿ ಸುತ್ತೋದ್ರಲ್ಲಿ ಅವ್ನಂಗೆ ಇನ್ನೊಬ್ಬ ಇಲ್ಲ ಈ ಸೀಮೇಲಿ. ಅದ್ನೂ ಕಿತ್ಕಳಾ?’

ಆ ಸಂಜೆ ನಾನೇ ಕೂತು ಬಾಟಲಿಗಳಿಗೆ ದಾರ ಕಟ್ಟಿದೆ. ಎರಡು ಗಂಟು ಸಡಿಲವಾಗಿದ್ದವೆಂದು ಕೆಂಪಮ್ಮ ಬಿಚ್ಚಿ ಮತ್ತೆ ಕಟ್ಟಿದಳು.

ಉಳಿದ ದಿನಗಳಲ್ಲಿ ನಾನು ನೋಡಿದ್ದು, ಹಿಂದೆಯೂ ಕಣ್ಣ ಮುಂದೆಯೇ ಇದ್ದದ್ದು. ಕೆಂಪಮ್ಮನ ಕುರ್ಚಿ ಹೊರರೋಗಿಗಳ ಬಾಗಿಲಲ್ಲಿ ಇರುತ್ತಿದ್ದದ್ದು ಅವಳಿಗೆ ಆರಾಮವಾಗಲೆಂದಲ್ಲ. ಯಾವ ಬಸುರಿಯ ಮುಖ ಊದಿದೆ, ಯಾವ ಮಗು ಅಳುವುದನ್ನೇ ನಿಲ್ಲಿಸಿದೆ ಎಂದು ಅವಳು ಕೂತಲ್ಲೇ ಗುರುತಿಸಿ ಸಾಲಿನ ಮುಂದಕ್ಕೆ ಕಳಿಸುತ್ತಿದ್ದಳು. ಅವಳ ಸರ್ವಿಸ್ ಪುಸ್ತಕದಲ್ಲಿ ವಯಸ್ಸು ಐವತ್ತಾರು. ‘ನನ್ ದೊಡ್ಮಗೀಗೇ ಐವತ್ತು ತುಂಬ್ತು ಡಾಕ್ಟ್ರವ್ವ, ನೀವೇ ಲೆಕ್ಕ ಆಕ್ಕಳಿ’ ಎಂದು ನಗುತ್ತಿದ್ದಳು. ಹಳಬರ ಹೆಸರಿನ ಪಕ್ಕ ಪಟ್ಟಿಯಲ್ಲಿ ಯಾವಾಗಲೂ ಒಂದು ಎಳೆಯ ಹೆಸರಿರುತ್ತಿತ್ತು. ಎಳೆಯರು ಗೊಣಗುತ್ತಿದ್ದರು. ಗೊಣಗಿದವರನ್ನು ದೊಡ್ಡ ಸಿಸ್ಟರು ಸಮಾಧಾನ ಮಾಡುತ್ತಿರಲಿಲ್ಲ. ‘ನಿಂಗೂ ಮಂಡಿ ಅವೆ ಕಣವ್ವ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು.

ವಾರ ಮುಗಿದ ಮೇಲೆ ನಮೂನೆಗಳನ್ನು ತುಂಬಲು ಕೂತೆ. ಈಗ ನನಗೆ ಉದಾರತೆ ಬಂದಿತ್ತು. ಎಲ್ಲದರಲ್ಲೂ ‘ಅನರ್ಹ’ವನ್ನು ಹೊಡೆದು ಸಹಿ ಹಾಕಿಬಿಡೋಣ ಎಂದೆ. ಅವರು ಒಪ್ಪಲಿಲ್ಲ.

‘ಏನು ಆಗಾಕಿಲ್ಲ ಅದ್ನೂ ಬರೀರಿ. ಬರೀ ಅರ್ಹ ಅಂದ್ರೆ, ನಾಳೆ ನಾನಿಲ್ದಾಗ ಯಾರಾರ ಬಂದು ಅವ್ನ ಕೈಗೆ ಸೂಜಿ ಕೊಟ್ಬುಡ್ತಾರೆ.’

‘ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.’

‘ಪಕ್ದಾಗೆ ಅಂಚು ಅದಲ್ಲ?’

ಅಂಚಿನಲ್ಲಿ ಬರೆದೆ. ಜವರಪ್ಪನದಕ್ಕೆ, ಕಣ್ಣಿನ ಚಿಕಿತ್ಸೆ ಆಗುವವರೆಗೆ ಹೊಲಿಗೆಯ ಕೆಲಸ ಕೂಡದು, ಪಟ್ಟಿ ಸುತ್ತುವುದಕ್ಕೆ ಅರ್ಹ. ಕೆಂಪಮ್ಮನದಕ್ಕೆ, ಸ್ಟ್ರೆಚರು ಹೊರುವುದು ಮತ್ತು ಮೆಟ್ಟಿಲು ಕೂಡದು, ಬಾಗಿಲ ಬಳಿಯ ಕೆಲಸಕ್ಕೆ ಅರ್ಹ. ಹೀಗೆ ನಾಲ್ಕು ಜನರದ್ದು. ಐದನೆಯ ಕಾಗದ ದೊಡ್ಡ ಸಿಸ್ಟರದೇ. ಅವರ ವಯಸ್ಸು ಐವತ್ತೇಳು ದಾಟಿತ್ತು. ಪರೀಕ್ಷೆಗೆ ಕೂರಿ ಎಂದರೆ ನಾಳೆ, ನಾಡಿದ್ದು ಎಂದರು. ಗಡುವಿನ ಮುನ್ನಾದಿನದ ಮಧ್ಯಾಹ್ನ, ಹೊರರೋಗಿಗಳೆಲ್ಲ ಹೋದ ಮೇಲೆ, ತಾವಾಗಿ ಬಂದು ನನ್ನ ಎದುರು ಕೂತರು. ಕೈಯಲ್ಲಿ ಒಂದು ನೋಟ್‌ಬುಕ್ಕಿತ್ತು.

ಅದು ಹೆರಿಗೆ ಕೋಣೆಯ ನೋಟ್‌ಬುಕ್ಕು. ಅಲ್ಲಿ ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ನೋವು ತಿನ್ನುತ್ತಿರುವ ತಾಯಿಯ ಹೊಟ್ಟೆಗೆ ಕೊಳವೆಯಿಟ್ಟು ಮಗುವಿನ ಎದೆಬಡಿತ ಎಣಿಸುತ್ತೇವಲ್ಲ, ಆ ಕೊಳವೆಗೆ ಆಯಾಗಳು ತುತ್ತೂರಿ ಎನ್ನುತ್ತಿದ್ದರು, ಅದನ್ನು ಯಾವಾಗಲೂ ಇಬ್ಬರು ಎಣಿಸಬೇಕು. ಒಬ್ಬರಾದ ಮೇಲೆ ಒಬ್ಬರು, ಪೂರ್ತಿ ಒಂದೊಂದು ನಿಮಿಷ. ಎಣಿಸಿದವರು ತುಟಿ ಬಿಚ್ಚದೆ ಸ್ಲೇಟಿನ ಮೇಲೆ ಬರೆದು ಬೋರಲು ಇಡಬೇಕು. ಆಮೇಲೆ ಎರಡೂ ಸ್ಲೇಟು ಒಟ್ಟಿಗೆ ಮಗುಚಬೇಕು. ತಾಳೆಯಾಗದಿದ್ದರೆ ಮೂರನೆಯವರನ್ನು ಕರೆದು ಎಣಿಸಿ, ಯಾರದು ತಪ್ಪೆಂದು ಗೊತ್ತಾದ ಮೇಲೆ ಪುಸ್ತಕಕ್ಕೆ ಬರೆಯುವುದು. ಒಂದು ಸ್ಲೇಟು ದೊಡ್ಡ ಸಿಸ್ಟರದು, ಇನ್ನೊಂದು ಸುನಂದಾಳದು. ಸುನಂದ ನಾಗಮಂಗಲದ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳನ್ನು ಪಳಗಿಸಲು ಈ ಆಟ ಎಂದು ನಾನೂ ನಂಬಿದ್ದೆ, ಅವಳೂ ನಂಬಿದ್ದಳು.

ನೋಟ್‌ಬುಕ್ಕನ್ನು ಅವರು ನನ್ನ ಕಡೆ ತಿರುಗಿಸಿದರು. ಎಡಗಡೆ ಅವರ ಎಣಿಕೆ, ಬಲಗಡೆ ಸುನಂದಾಳದು. ಮೊದಲ ಪುಟಗಳಲ್ಲಿ ಎರಡೂ ಹತ್ತಿರ ಹತ್ತಿರ. ಆಮೇಲೆ ಅಲ್ಲೊಂದು ಇಲ್ಲೊಂದು, ತಪ್ಪಿದ ಎಣಿಕೆಯ ಕೆಳಗೆ, ಕೆಂಪು ಗೀಟು. ಕೊನೆಯ ಪುಟಗಳಲ್ಲಿ ಕೆಂಪು ಒತ್ತಾಗಿತ್ತು. ಎಲ್ಲ ಎಡಗಡೆ. ಬಲಗಡೆ ಎರಡೋ ಮೂರೋ.

‘ಏನಿದು ಸಿಸ್ಟರ್?’

‘ನನ್ ಕಿವಿ.’

ನನಗೆ ತಕ್ಷಣ ನೆನಪಾದದ್ದು ಆ ಮೊದಲ ಜಗಳ. ಬೆನ್ನ ಹಿಂದೆ ನಿಂತು ಮಂಡಿಸಿದ ನನ್ನ ಮೂರು ಅಂಶಗಳು. ಅವರಿಗೆ ಅವು ಕೇಳಿಸಿಯೇ ಇರಲಿಲ್ಲ.

‘ಹನ್ನೊಂದು ತಿಂಗ್ಳಿಂದ ಬರೀತಿದೀನಿ. ನಂಗೇ ಅನುಮಾನ ಬಂದಿತ್ತು. ಅನುಮಾನ ಅಂತ ಕೆಲ್ಸ ಬುಡಾಕಾಯ್ತದಾ? ರುಜುವಾತು ಬೇಕಲ್ಲ. ಈಗದೆ. ಬರ್ಕಳಿ.’

ಇಲ್ಲಿ ನಾನು ಪಕ್ಷ ಬದಲಿಸಿದೆ. ಬದುಕಿನಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ವೇದಿಕೆಯಲ್ಲೂ ವಾದಿಸಿಲ್ಲ. ನಿವೃತ್ತಿಗೆ ಏಳೇ ತಿಂಗಳಿದೆ ಎಂದೆ. ಇಬ್ಬರು ಎಣಿಸುವುದರಿಂದ ಯಾವ ಮಗುವಿಗೂ ಅಪಾಯವಾಗಿಲ್ಲ ಎಂದೆ. ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಎಂದು ಹೇಳುವ ಆ ಕೈ ಈ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ ಎಂದೆ. ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿ ಕಳೆದವರನ್ನು ಈಗ ಹೊರಗೆ ನಿಲ್ಲಿಸಲಾರೆ ಎಂದೆ. ನನ್ನ ದನಿ ಏರಿತು. ಅವರಿಗೆ ಕೇಳಲೆಂದೇ ಏರಿಸಿದೆನೋ ಏನೋ.

ಅವರು ಪೂರ್ತಿ ಕೇಳಿದರು. ನನ್ನ ತುಟಿಗಳನ್ನು ನೋಡುತ್ತ ಕೇಳಿದರು.

‘ಕಾಣ್ದೋರ ಕೈಗೆ ಔಷ್ದಿ ಕೊಡ್ಬಾರ್ದು, ಇದ್ರಲ್ಲಿ ವಾದವೇ ಇಲ್ಲ ಅಂತ ಯಾರವ್ವ ಅಂದಿದ್ದು?’ ಎಂದರು. ‘ಜವರಣ್ಣಂಗೊಂದು, ನಂಗೊಂದಾ?’

ಈ ಸಲ ಹಾರಲು ಬೇರೆ ಅಂಶವಿರಲಿಲ್ಲ.

‘ಸೂಜಿ ಕಿತ್ಕಂಡಾಗ ಅವ್ನು ಕಣ್ಣಲ್ಲಿ ನೀರಾಕ್ಕಂಡಿದ್ದ. ನಾನು ನೋಡ್ಕಂಡು ನಿಂತಿದ್ದೆ. ಈಗ ನಂದು ಅಂತ ಬಂದಾಗ ಬುಟ್ಕಂಡ್ರೆ, ಅವತ್ತು ಮಾಡಿದ್ದು ನ್ಯಾಯ ಅಲ್ಲ, ಅಧಿಕಾರ ಅಂತಾಯ್ತದೆ’ ಎಂದರು. ನಮೂನೆಯನ್ನು ನನ್ನ ಕಡೆ ಸರಿಸಿ, ‘ಬರೀರಿ. ಅಂಚಲ್ಲಿ’ ಎಂದರು. ತುರುಬಿನಿಂದ ಪೆನ್ಸಿಲು ತೆಗೆದು, ಏನೂ ಬರೆಯದೆ, ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದರು.

ನಾನು ‘ಅನರ್ಹ’ವನ್ನು ಹೊಡೆದು ಅಂಚಿನಲ್ಲಿ ಬರೆದೆ: ಕಿವಿ ಮಂದವಾಗಿದೆ, ಎದೆಬಡಿತ ಎಣಿಸುವ ಕೆಲಸ ಕೂಡದು, ಉಳಿದ ಎಲ್ಲಕ್ಕೂ ಅರ್ಹ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

‘ಎಲ್ಲಕ್ಕೂ ಅಂತ ಯಾಕೆ ಬರುದ್ರಿ? ಬೆನ್ನಿಂದ ಕರೆಯೋ ಕೆಲ್ಸಕ್ಕೂ ಆಗಾಕಿಲ್ಲ. ಸೇರುಸ್ರಿ.’ ಸೇರಿಸಿದೆ.

ಮರುದಿನ ಬೆಳಿಗ್ಗೆ ಪಟ್ಟಿಯಲ್ಲಿ ‘ಹೆರಿಗೆ ಕೋಣೆ’ಯ ಮುಂದೆ ಅವರ ಹೆಸರಿದ್ದ ಜಾಗದಲ್ಲಿ ರಬ್ಬರು ಉಜ್ಜಿದ ಮಸುಕಿತ್ತು. ಅವರು ಬಾಗಿಲ ಬಳಿ ಕೆಂಪಮ್ಮನ ಪಕ್ಕ ಸ್ಟೂಲು ಹಾಕಿಕೊಂಡು ಗಾಯಕ್ಕೆ ಕಟ್ಟುವ ಬಟ್ಟೆ ಕತ್ತರಿಸಲು ಕೂತಿದ್ದರು.

‘ಬಂದ್ರಾ ಸಿಸ್ಟ್ರೇ ನಮ್ ಸಾಲ್ಗೆ’ ಎಂದಳು ಕೆಂಪಮ್ಮ. ‘ಗೋಡೆ ಕಡೀಕೆ ಕುಂತ್ಕಳಿ, ಬೆನ್ನಿಗೆ ಆನ್ಕೆ ಸಿಗ್ತದೆ.’

‘ಬಾಯ್ ಮುಚ್ಚೆ ಕೆಂಪಿ.’

‘ಮುಚ್ಚುದ್ರೂ ಅಷ್ಟೆ ಬುಟ್ರೂ ಅಷ್ಟೆ, ಈಗ ನಿಮ್ಗೆ ಕೇಳ್ಸಾಕಿಲ್ವಲ್ಲ!’

ಇಬ್ಬರೂ ನಕ್ಕರು. ಆ ನಗುವಿಗೆ ಡ್ರೆಸ್ಸಿಂಗ್ ಕೋಣೆಯಿಂದ ಜವರಪ್ಪ ಇಣುಕಿ ನೋಡಿದ. ಒಳಗೆ ಹೋಗಿ ತನ್ನ ಕುರ್ಚಿಯನ್ನು ಎತ್ತಿ ತಂದು ದೊಡ್ಡ ಸಿಸ್ಟರಿಗೆ ಹಾಕಿ, ಅವರ ಸ್ಟೂಲನ್ನು ಎಳೆದುಕೊಂಡು ಹೋದ.

ನಮೂನೆಗಳು ಮೇಲಕ್ಕೆ ಹೋದವು. ‘ಅರ್ಹರೋ ಅನರ್ಹರೋ ಸ್ಪಷ್ಟಪಡಿಸಿ’ ಎಂದು ಒಂದು ಪತ್ರ ಬಂತು. ಮೂರು ಪುಟ ಸ್ಪಷ್ಟಪಡಿಸಿದೆ. ಮತ್ತೆ ಯಾರೂ ಕೇಳಲಿಲ್ಲ. ಐವರಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಏಳು ತಿಂಗಳು ಅವರು ಬಟ್ಟೆ ಕತ್ತರಿಸಿದರು, ಪಟ್ಟಿ ಬರೆದರು. ಹೆರಿಗೆ ಕೋಣೆಯಿಂದ ಕರೆದಾಗ ಹೋಗಿ, ಸುನಂದಾಳ ಕೈಯನ್ನು ತಾಯಿಯ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು ಒತ್ತಿ, ‘ಇದು ತಲೆ, ಇದು ಬೆನ್ನು, ಮರೀಬ್ಯಾಡ’ ಎನ್ನುತ್ತಿದ್ದರು. ತುತ್ತೂರಿಯನ್ನು ಒಮ್ಮೆಯೂ ಮುಟ್ಟಲಿಲ್ಲ. ಎರಡನೆಯ ಎಣಿಕೆ ಇನ್ನೊಬ್ಬ ಸಿಸ್ಟರದಾಗಿ ಹೊಸ ಪುಸ್ತಕಕ್ಕೆ ಹೋಯಿತು, ಹಳೆಯದು ದೊಡ್ಡ ಸಿಸ್ಟರ ಕೊನೆಯ ಗೀಟಿಗೆ ನಿಂತಿತು.

ಬೀಳ್ಕೊಡುಗೆಯ ಮಾರನೆಯ ದಿನ ಅವರು ಗಂಜಾಂನಲ್ಲಿರುವ ಮಗಳ ಮನೆಗೆ ಹೊರಟರು. ಹೊಸ ತಿಂಗಳ ಹಾಳೆಯನ್ನು ಆಗಲೇ ಮೊಳೆಗೆ ಸಿಕ್ಕಿಸಿದ್ದರು. ಹೆರಿಗೆ ಕೋಣೆಯ ಮುಂದೆ ಸುನಂದಾಳ ಹೆಸರಿತ್ತು. ಪಕ್ಕದ ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ, ನನ್ನ ಹೆಸರಿತ್ತು. ವೈದ್ಯರನ್ನು ಸಿಸ್ಟರುಗಳ ಪಟ್ಟಿಯಲ್ಲಿ ಬರೆಯುವ ಪದ್ಧತಿ ಎಲ್ಲೂ ಇಲ್ಲ ಎಂದು ವಾದಿಸಬಹುದಿತ್ತು. ಎದುರಿಗೆ ಯಾರೂ ಇರಲಿಲ್ಲ.

ಅಂದು ಹತ್ತು ಗಂಟೆಗೆ ಒಬ್ಬ ಚೊಚ್ಚಲ ಬಸುರಿ ಬಂದಳು. ಸುನಂದ ಎಣಿಸಿ, ಬರೆದು, ಸ್ಲೇಟು ಬೋರಲು ಇಟ್ಟಳು. ನಾನೂ ಒಂದು ನಿಮಿಷ ಎಣಿಸಿದೆ, ಬರೆದೆ, ಇಟ್ಟೆ. ಮಗುಚಿದೆವು. ಅವಳದು ನೂರ ನಲವತ್ತು. ನನ್ನದು ತೊಂಬತ್ತಾರು. ಮಗು ಸೋಲುತ್ತಿದೆ ಎಂದು ನಾನು ಆಪರೇಷನ್ನಿಗೆ ಮೈಸೂರಿಗೆ ಕಳಿಸುವ ಮಾತು ತೆಗೆದೆ. ಸುನಂದ ನನ್ನ ಮುಖ ನೋಡಿದಳು, ಹೋಗಿ ಹಿರಿಯ ವೈದ್ಯರನ್ನು ಕರೆತಂದಳು. ಅವರು ಎಣಿಸಿದರು. ನೂರ ಮೂವತ್ತೆಂಟು. ನಾನು ಅಷ್ಟು ಹೊತ್ತು ಎಣಿಸಿದ್ದು ತಾಯಿಯ ನಾಡಿಯನ್ನು.

ನನ್ನ ವಯಸ್ಸು ಇಪ್ಪತ್ತೇಳು. ಎರಡೂ ಕಿವಿ ಚೆನ್ನಾಗಿ ಕೇಳುತ್ತವೆ. ಹಳೆಯ ನೋಟ್‌ಬುಕ್ಕನ್ನು ತೆರೆದು ಎಡಗಡೆ, ಅವರ ಕೊನೆಯ ಗೀಟಿನ ಕೆಳಗೆ, ತೊಂಬತ್ತಾರು ಎಂದು ಬರೆದು ಕೆಂಪು ಎಳೆದೆ.